ಸರ್ಕಾರದ ಹಂಗಿಲ್ಲದೆ ಇಪ್ಪತ್ತು ವರ್ಷ: ಟೋಕಿಯೊದ ‘ವಾಮ್’ ಮತ್ತು ಅದನ್ನು ನಡೆಸಿಕೊಂಡು ಬಂದವರು

2002ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿದ್ದ ಜಪಾನಿ ಪತ್ರಕರ್ತೆ ಮಾತ್ಸುಯಿ ಯಾಯೋರಿ ಅಲ್ಲೇ ಕಾಯಿಲೆ ಬಿದ್ದರು. ಊರಿಗೆ ಮರಳಿ ತೋರಿಸಿದಾಗ ಯಕೃತ್ತಿನ ಕ್ಯಾನ್ಸರ್, ಕೈಮೀರಿದೆ ಎಂದರು ವೈದ್ಯರು. ಅದೇ ಡಿಸೆಂಬರ್ 27ರಂದು, 68ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಡುವೆ ಸಿಕ್ಕಿದ್ದು ಮೂರು ತಿಂಗಳಿಗೂ ಕಡಿಮೆ ಕಾಲ. ಆ ಕಾಲದಲ್ಲಿ ಅವರು ತಮ್ಮ ಆಸ್ತಿಯನ್ನೂ ದಶಕಗಳಿಂದ ಕೂಡಿಟ್ಟ ಪುಸ್ತಕ, ಟಿಪ್ಪಣಿ, ಕಡತಗಳನ್ನೂ ಇನ್ನೂ ಹುಟ್ಟದ ಒಂದು ಮ್ಯೂಸಿಯಂ ಹೆಸರಿಗೆ ಬಿಟ್ಟರು. ಎರಡನೆಯ ಮಹಾಯುದ್ಧದ ವೇಳೆ ಜಪಾನಿ ಸೇನೆ ‘ಕಂಫರ್ಟ್ ವಿಮೆನ್’ ಎಂದು ಕರೆದು ಲೈಂಗಿಕ ಗುಲಾಮಗಿರಿಗೆ ದೂಡಿದ ಹೆಣ್ಣುಮಕ್ಕಳ ಸಂಗತಿ ಹೇಳುವ ಮ್ಯೂಸಿಯಂ ಅದು. ಅದು ಟೋಕಿಯೊದಲ್ಲೇ ಆಗಬೇಕು ಎಂಬುದು ಅವರ ಹಟವಾಗಿತ್ತು.

2005ರ ಆಗಸ್ಟ್‌ನಲ್ಲಿ ಅದು ಬಾಗಿಲು ತೆರೆಯಿತು. ಪೂರ್ತಿ ಹೆಸರು ‘ವಿಮೆನ್ಸ್ ಆಕ್ಟಿವ್ ಮ್ಯೂಸಿಯಂ ಆನ್ ವಾರ್ ಅಂಡ್ ಪೀಸ್’. ಬಲ್ಲವರ ಬಾಯಲ್ಲಿ ‘ವಾಮ್’. ಸಂಸ್ಥೆಗಳ ಚರಿತ್ರೆ ಬರೆಯುವಾಗ ನಮ್ಮಲ್ಲಿ ಶಂಕುಸ್ಥಾಪನೆ ಮಾಡಿದ ಮಂತ್ರಿ ಯಾರು, ನಿವೇಶನ ಕೊಟ್ಟ ಮಹನೀಯರು ಯಾರು ಎಂದು ಶುರುಮಾಡುವುದು ರೂಢಿ. ವಾಮ್‌ಗೆ ಮಂತ್ರಿಯೂ ಇಲ್ಲ, ನಿವೇಶನವೂ ಇಲ್ಲ. ನಿಶಿ-ವಾಸೆದಾ ಎಂಬಲ್ಲಿ, ಕ್ರೈಸ್ತ ಸಂಸ್ಥೆಗಳಿರುವ ಆವರಣದ ಒಂದು ಕಟ್ಟಡದ ಎರಡನೆಯ ಅಂತಸ್ತಿನಲ್ಲಿ ಅದರ ಪುಟ್ಟ ಜಾಗ. ಇದರ ಚರಿತ್ರೆ ಎಂದರೆ ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿದವರ ಚರಿತ್ರೆ.

ಯಾಯೋರಿಯವರು ಪಾದ್ರಿ ದಂಪತಿಯ ಮಗಳು. 1961ರಲ್ಲಿ ‘ಅಸಾಹಿ ಶಿಂಬುನ್’ ಪತ್ರಿಕೆ ಸೇರಿ, ಮಿನಾಮಾತದ ಪಾದರಸ ವಿಷದಂಥ ವಿಷಯಗಳ ಬಗ್ಗೆ ಬರೆದರು. ಎಪ್ಪತ್ತರ ದಶಕದಲ್ಲಿ ಜಪಾನಿ ಗಂಡಸರು ಗುಂಪುಗುಂಪಾಗಿ ಕೊರಿಯಾಕ್ಕೆ ‘ಪ್ರವಾಸ’ ಹೋಗುತ್ತಿದ್ದುದನ್ನು, ಅಂದರೆ ಹೆಣ್ಣುಗಳಿಗಾಗಿ ಹೋಗುತ್ತಿದ್ದುದನ್ನು ಬೀದಿಗಿಳಿದು ಪ್ರತಿಭಟಿಸಿದರು. 1977ರಲ್ಲಿ ಏಷ್ಯಾದ ಮಹಿಳೆಯರಿಗಾಗಿ ಒಂದು ಸಂಘ ಕಟ್ಟಿದರು. ಸಿಂಗಪುರದ ಬಾತ್ಮೀದಾರರಾಗಿದ್ದಾಗ, 1984ರಲ್ಲೇ, ಥಾಯ್ಲೆಂಡಿನಲ್ಲಿ ಉಳಿದುಹೋಗಿದ್ದ ಒಬ್ಬ ಕೊರಿಯನ್ ಸಂತ್ರಸ್ತೆಯ ಬಗ್ಗೆ ವರದಿ ಮಾಡಿದರು. ಆಗ ಅದನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಏಳು ವರ್ಷದ ಮೇಲೆ, 1991ರ ಆಗಸ್ಟ್ 14ರಂದು ಸೋಲ್‌ನಲ್ಲಿ ಕಿಮ್ ಹಾಕ್-ಸುನ್ ಎಂಬ ಅಜ್ಜಿ ಕ್ಯಾಮೆರಾಗಳ ಮುಂದೆ ಕೂತು ‘ನನಗೆ ಹೀಗಾಯಿತು’ ಎಂದು ಸ್ವಂತ ಹೆಸರಿನಲ್ಲಿ ಹೇಳಿದಾಗಲೇ ಜಗತ್ತು ತಿರುಗಿ ನೋಡಿದ್ದು. ಮರುವರ್ಷ ಜನವರಿಯಲ್ಲಿ ಇತಿಹಾಸಕಾರ ಯೋಶಿಮಿ ಯೋಶಿಯಾಕಿ ರಕ್ಷಣಾ ಇಲಾಖೆಯ ಗ್ರಂಥಾಲಯದಲ್ಲೇ ಹುಡುಕಿ ತೆಗೆದ ಸೇನೆಯ ಕಡತಗಳು ಪತ್ರಿಕೆಯಲ್ಲಿ ಬಂದವು. ನಮಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಿದ್ದ ಸರ್ಕಾರ ಮಾತು ಬದಲಿಸಬೇಕಾಯಿತು. 1993ರ ಆಗಸ್ಟ್‌ನಲ್ಲಿ ಮುಖ್ಯ ಸಂಪುಟ ಕಾರ್ಯದರ್ಶಿ ಕೋನೊ ಯೋಹೆಯಿ, ಸೇನೆಯ ಪಾತ್ರವನ್ನು ಒಪ್ಪಿ ಕ್ಷಮೆ ಕೋರಿದರು.

ಒಪ್ಪಿದ್ದು ಬಾಯಿಮಾತಿನಲ್ಲಿ. ಕಾನೂನಿನ ಹೊಣೆಯ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರವೆಂಬಂತೆ ಯಾಯೋರಿ ಮತ್ತು ಅವರ 1998ರ ಸಂಘಟನೆ ‘ವಾವ್-ನೆಟ್ ಜಪಾನ್’, ಕೊರಿಯಾದ ಯುನ್ ಚುಂಗ್-ಓಕ್, ಫಿಲಿಪ್ಪೀನ್ಸಿನ ಇಂದಾಯ್ ಸಹೋರ್ ಎಲ್ಲರೂ ಸೇರಿ 2000ದ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಯುದ್ಧಾಪರಾಧ ನ್ಯಾಯಮಂಡಳಿ ನಡೆಸಿದರು. ಅದು ಜನರೇ ಕೂಡಿಸಿದ ಕಟಕಟೆ. ಯಾರನ್ನೂ ಜೈಲಿಗೆ ಕಳಿಸುವ ಅಧಿಕಾರ ಅದಕ್ಕಿರಲಿಲ್ಲ. ಆದರೆ ಪೀಠದಲ್ಲಿ ಕೂತವರು ನಿಜವಾದ ನ್ಯಾಯಶಾಸ್ತ್ರಜ್ಞರು. ಹಿಂದಿನ ಯುಗೊಸ್ಲಾವಿಯದ ಯುದ್ಧಾಪರಾಧ ನ್ಯಾಯಾಲಯದ ಅಧ್ಯಕ್ಷೆಯಾಗಿದ್ದ ಗೇಬ್ರಿಯಲ್ ಕರ್ಕ್ ಮೆಕ್‌ಡೊನಾಲ್ಡ್ ಮುಖ್ಯಸ್ಥೆ. ನಮ್ಮ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಕೂಡ ಪೀಠಕ್ಕೆ ಒಪ್ಪಿಕೊಂಡಿದ್ದರು, ಅನಾರೋಗ್ಯದಿಂದ ಹೋಗಲಾಗಲಿಲ್ಲ. ಬೇರೆ ಬೇರೆ ದೇಶಗಳಿಂದ 64 ಸಂತ್ರಸ್ತೆಯರು ಬಂದರು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಹೇಗ್ ನಗರದಲ್ಲಿ ಓದಿದ ಪೂರ್ಣ ತೀರ್ಪು ಚಕ್ರವರ್ತಿ ಹಿರೊಹಿತೊ ಅವರನ್ನೂ ಹೊಣೆಗಾರರೆಂದಿತು.

ಈ ನ್ಯಾಯಮಂಡಳಿಯ ಮೇಲೆ ಜಪಾನಿನ ಸಾರ್ವಜನಿಕ ದೂರದರ್ಶನ ಎನ್ಎಚ್‌ಕೆ ಕಾರ್ಯಕ್ರಮ ಮಾಡಿತು. 44 ನಿಮಿಷದ ಅವಧಿಗೆಂದು ತಯಾರಾದದ್ದು 2001ರ ಜನವರಿ 30ರಂದು ಪ್ರಸಾರವಾಗುವಾಗ 40 ನಿಮಿಷಕ್ಕೆ ಇಳಿದಿತ್ತು, ತೀರ್ಪೂ ಮಾಯವಾಗಿತ್ತು. ವಾವ್-ನೆಟ್ ಮೊಕದ್ದಮೆ ಹೂಡಿತು. 2007ರಲ್ಲಿ ಹೈಕೋರ್ಟಿನಲ್ಲಿ ಗೆದ್ದು, 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ನಡೆದದ್ದನ್ನು ನಡೆದಹಾಗೆ ಹೇಳಲು ದೇಶದ ಅತಿದೊಡ್ಡ ಮಾಧ್ಯಮದಲ್ಲಿ ಜಾಗವಿಲ್ಲ ಎಂಬುದು ಹೀಗೆ ಖಚಿತವಾಯಿತು. ಶಾಲೆಯ ಪಾಠದಲ್ಲೂ ಅದೇ ಕಥೆ. 1997ರಲ್ಲಿ ಬಳಕೆಗೆ ಬಂದ ಮಾಧ್ಯಮಿಕ ಶಾಲೆಯ ಇತಿಹಾಸ ಪುಸ್ತಕಗಳು ಏಳಕ್ಕೆ ಏಳೂ ಈ ವಿಷಯವನ್ನು ಹೇಳಿದ್ದವು. ಹತ್ತು ವರ್ಷ ತುಂಬುವುದರೊಳಗೆ ಅದು ಬಹುತೇಕ ಅಳಿಸಿಹೋಗಿತ್ತು. ಮ್ಯೂಸಿಯಂ ಬೇಕು ಎಂಬ ಯಾಯೋರಿಯವರ ಹಟ ಎಷ್ಟು ಸರಿಯಾಗಿತ್ತು ಎಂಬುದನ್ನು ಈ ಅನುಭವ ತೋರಿಸಿತು.

ಅವರು ಹೋದ ಮರುವರ್ಷ, 2003ರಲ್ಲಿ, ಸಂಗಾತಿಗಳು ಹಣ ಕೂಡಿಸಲು ಒಂದು ನಿಧಿ ಸಂಸ್ಥೆ ನೋಂದಾಯಿಸಿದರು. ದೇಶದ ಒಳಗೂ ಹೊರಗೂ ಕೈಯೊಡ್ಡಿದರು. ಯಾಯೋರಿಯವರ ಆಸ್ತಿಗೆ ಸಾವಿರಾರು ಯೆನ್‌ಗಳ ಸಣ್ಣ ಸಣ್ಣ ದೇಣಿಗೆಗಳು ಸೇರಿದವು. ಎರಡೇ ವರ್ಷದಲ್ಲಿ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ. ಮೊದಲ ನಿರ್ದೇಶಕಿ ನಿಶಿನೊ ರುಮಿಕೊ. ಆಮೇಲೆ ಎನ್ಎಚ್‌ಕೆಯಲ್ಲೇ ಕಾರ್ಯಕ್ರಮ ನಿರ್ಮಿಸುತ್ತಿದ್ದ ಇಕೆದಾ ಎರಿಕೊ ಬಂದರು. ಅವರ ನಂತರ, ಮೊದಲಿನಿಂದ ಕಚೇರಿಯ ಭಾರ ಹೊತ್ತಿದ್ದ ವಾತಾನಬೆ ಮಿನಾ.

ಆರಂಭದಲ್ಲೇ ಐದು ಸೂತ್ರ ಬರೆದಿಟ್ಟರು. ಲಿಂಗನ್ಯಾಯದ ಕಣ್ಣಿನಿಂದ ಯುದ್ಧವನ್ನು ನೋಡುವುದು, ಸಂತ್ರಸ್ತೆಯರ ದಾಖಲೆಯ ಜೊತೆಗೆ ಹೊಣೆ ಯಾರದೆಂದೂ ತೋರಿಸುವುದು, ಬರೇ ನೋಡುವ ಜಾಗವಾಗದೆ ಕೆಲಸ ಮಾಡುವ ತಾಣವಾಗುವುದು, ಗಡಿಯಾಚೆಯವರೊಂದಿಗೆ ಕೈಜೋಡಿಸುವುದು, ಮತ್ತು ರಾಜ್ಯಾಧಿಕಾರದಿಂದ ದೂರ ನಿಂತು ಜನರ ಚಳವಳಿಯಾಗಿಯೇ ನಡೆಯುವುದು. ಮೊದಲ ನಾಲ್ಕನ್ನು ಜಗತ್ತಿನ ಎಷ್ಟೋ ಮ್ಯೂಸಿಯಂಗಳು ಬರೆದುಕೊಳ್ಳಬಹುದು. ಈ ಸಂಸ್ಥೆಯ ಹಣೆಬರಹ ನಿರ್ಧರಿಸಿದ್ದು ಕೊನೆಯದು. ಸರ್ಕಾರದ ಹಣ ಬೇಡ ಎಂದರೆ ಬಾಡಿಗೆ, ಕರೆಂಟು, ಮುದ್ರಣ, ಅಂಚೆ ಎಲ್ಲಕ್ಕೂ ಸದಸ್ಯರ ಚಂದಾ, ದೇಣಿಗೆ, ಪ್ರವೇಶಶುಲ್ಕ, ಪುಸ್ತಕ ಮಾರಾಟವೇ ಗತಿ. ಆ ಹಣದಲ್ಲಿ ಸಂಬಳದ ಸಿಬ್ಬಂದಿಯ ಸಾಲನ್ನೇ ನಿಲ್ಲಿಸಲಾಗದು. ಹಾಗಾಗಿ ಉಳಿದವರು ಸ್ವಯಂಸೇವಕರು.

ಈ ಸ್ವಯಂಸೇವೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಸ್ವಯಂಸೇವಕ ಎಂದೊಡನೆ ಸಮ್ಮೇಳನದ ದಿನ ಬ್ಯಾಡ್ಜ್ ಹಾಕಿಕೊಂಡು ಊಟದ ಪಂಕ್ತಿ ನೋಡಿಕೊಳ್ಳುವ ಹುಡುಗರ ನೆನಪಾಗುತ್ತದೆ. ವಾಮ್‌ನಲ್ಲಿ ಪ್ರದರ್ಶನವನ್ನೇ ಸ್ವಯಂಸೇವಕರು ಕಟ್ಟುತ್ತಾರೆ. ಶಿಕ್ಷಕಿಯರು, ಅನುವಾದಕರು, ನಿವೃತ್ತರು, ವಿದ್ಯಾರ್ಥಿಗಳು ಒಂದು ವಿಷಯ ಹಿಡಿದು ಗುಂಪಾಗಿ ಕೂರುತ್ತಾರೆ. ಒಂದು ಫಲಕದಲ್ಲಿ ಹತ್ತು ಸಾಲು ಬರೆಯಬೇಕಾದರೆ ಆ ಹೆಣ್ಣುಮಗಳ ಹೇಳಿಕೆಯನ್ನು ಮೂಲಭಾಷೆಯಲ್ಲಿ ಓದಬೇಕು. ಅಜ್ಜಿ ಹೇಳಿದ ಊರಿನ ಹೆಸರು ಸೇನೆಯ ಕಡತದಲ್ಲಿ ಬೇರೆ ಉಚ್ಚಾರಣೆಯಲ್ಲಿರುತ್ತದೆ, ಎರಡೂ ಒಂದೇ ಎಂದು ನಕ್ಷೆ ಹರಡಿ ತಾಳೆ ನೋಡಬೇಕು. ಆ ತಿಂಗಳಲ್ಲಿ ಯಾವ ಪಡೆ ಅಲ್ಲಿತ್ತು ಎಂದು ಪರಿಶೀಲಿಸಬೇಕು. ಒಂದು ವರ್ಷ ತಪ್ಪಿದರೂ ಸಾಕು, ‘ನೋಡಿ, ಎಲ್ಲವೂ ಕಟ್ಟುಕತೆ’ ಎನ್ನಲು ಆಚೆ ಬದಿಯಲ್ಲಿ ಜನ ಕಾದಿರುತ್ತಾರೆ. ಇದರ ಜೊತೆಗೆ ಬಾಗಿಲಲ್ಲಿ ಕೂತು ಟಿಕೆಟ್ ಕೊಡುವುದು, ವಾರ್ತಾಪತ್ರವನ್ನು ಲಕೋಟೆಗೆ ತುಂಬುವುದು, ಪತ್ರಿಕೆಯ ತುಣುಕು ಕತ್ತರಿಸಿ ದಿನಾಂಕ ಬರೆಯುವುದು, ಸಾಕ್ಷ್ಯದ ವಿಡಿಯೊಗಳಿಗೆ ಅಡಿಬರಹ ಹಾಕುವುದು.

ಒಳಗೆ ಕಾಲಿಟ್ಟೊಡನೆ ಕಾಣುವುದು ಭಾವಚಿತ್ರಗಳ ಗೋಡೆ. ಹೆಸರು ಹೇಳಿ, ಮುಖ ತೋರಿಸಲು ಒಪ್ಪಿದ ನೂರೈವತ್ತಕ್ಕೂ ಹೆಚ್ಚು ಹೆಂಗಸರು, ಹಲವು ದೇಶದವರು. ಕೆಲವರು ನಗುತ್ತಿದ್ದಾರೆ. ಮುಖ ತೋರಿಸದೆ ಹೋದವರು ಇವರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಪ್ರದರ್ಶನಗಳು ಸುಮಾರು ವರ್ಷಕ್ಕೊಂದರಂತೆ ಬದಲಾಗುತ್ತ ಬಂದಿವೆ. ಪಠ್ಯದಿಂದ ವಿಷಯ ಅಳಿಸಿದಾಗ ಮಾಧ್ಯಮಿಕ ಶಾಲೆಯ ಮಕ್ಕಳಿಗಾಗಿಯೇ ಒಂದನ್ನು ಮಾಡಿದರು. ತಾವು ಮಾಡಿದ್ದನ್ನು ಒಪ್ಪಿಕೊಂಡ ಮಾಜಿ ಸೈನಿಕರ ಸಾಕ್ಷ್ಯದ ಮೇಲೊಂದು, ಪೂರ್ವ ತಿಮೋರ್ ಮೇಲೊಂದು, ಫಿಲಿಪ್ಪೀನ್ಸಿನ ‘ಲೋಲಾ’ಗಳ, ಅಂದರೆ ಅಜ್ಜಿಯರ ಮೇಲೊಂದು, ಇಂಡೊನೇಷ್ಯದ ಮೇಲೊಂದು. ಓಕಿನಾವಾದ ಪ್ರದರ್ಶನ ಅಂದಿನ ಜಪಾನಿ ಸೇನೆಯನ್ನೂ ಇಂದಿನ ಅಮೆರಿಕನ್ ನೆಲೆಗಳನ್ನೂ ಒಂದೇ ಗೋಡೆಗೆ ತಂದಿತು. ಸ್ವಂತ ದೇಶದ ಹೆಂಗಸರನ್ನು, ಬಡತನಕ್ಕೆ ಮಾರಿಹೋಗಿ ಸೇನೆಯ ಹಿಂದೆ ಸಾಗಿಸಲ್ಪಟ್ಟ ಜಪಾನಿ ಹೆಣ್ಣುಗಳನ್ನು, ಅವರು ಬಹಳ ತಡವಾಗಿ ಎತ್ತಿಕೊಂಡರು. ‘ಆಕೆ ಮೊದಲೇ ಆ ದಂಧೆಯವಳು’ ಎಂಬ ಮಾತು ಒಬ್ಬಳನ್ನು ಸಂತ್ರಸ್ತೆಯರ ಪಟ್ಟಿಯಿಂದ ಹೇಗೆ ಹೊರಗಿಡುತ್ತದೆ ಎಂಬುದು ನಮ್ಮ ಕೋರ್ಟುಗಳಲ್ಲೂ ಓಣಿಗಳಲ್ಲೂ ಕಾಣುವ ಸಂಗತಿಯೇ. ನನ್ನ ಲೆಕ್ಕದಲ್ಲಿ ವಾಮ್ ಕೈಗೆತ್ತಿಕೊಂಡ ವಿಷಯಗಳಲ್ಲಿ ತೀರ ಕಷ್ಟದ್ದು ಅದೇ.

ಬರ್ಮಾದ ಪ್ರದರ್ಶನ ಭಾರತದ ಓದುಗರಿಗೆ ಹತ್ತಿರದ್ದು. ತೆಗು ನಗರದ ಮುನ್ ಒಕ್-ಜು ಎಂಬಾಕೆಯನ್ನು ಸೇನೆ ಮಂಡಲೆ, ಅಕ್ಯಾಬ್ ಎಂದು ಬರ್ಮಾದ ಉದ್ದಗಲಕ್ಕೂ ಎಳೆದಾಡಿತು. ಆಕೆ ನಡೆದ ದಾರಿಯನ್ನು ಹಿಡಿದೇ ಆ ಪ್ರದರ್ಶನ ಸಾಗಿತು. ಅಕ್ಯಾಬ್ ಎಂದರೆ ನಮ್ಮದೇ ಬಂಗಾಳಕೊಲ್ಲಿಯ ಆಚೆ ದಡ. 1944ರ ಆಗಸ್ಟ್‌ನಲ್ಲಿ ಮಿಚಿನಾ ಪಟ್ಟಣ ಮಿತ್ರಪಡೆಗಳ ವಶವಾದಾಗ 20 ಮಂದಿ ಕೊರಿಯನ್ ಹೆಂಗಸರು ಸಿಕ್ಕರು. ಅಮೆರಿಕನ್ ಸೇನೆ ಅವರನ್ನು ವಿಚಾರಣೆ ಮಾಡಿದ್ದು ಅಸ್ಸಾಮಿನ ಲೇಡೊದಲ್ಲಿ, ಭಾರತದ ನೆಲದ ಮೇಲೆ. ಆ ವಿಚಾರಣೆಯ 49ನೆಯ ನಂಬರಿನ ವರದಿ ಇಂದಿಗೂ ಜಗಳದ ಕೇಂದ್ರ. ವರದಿ ಬರೆದ ಅಧಿಕಾರಿ ಅವರನ್ನು ವೇಶ್ಯೆಯರೆಂದೇ ಕರೆದಿದ್ದಾನೆ; ನಿರಾಕರಿಸುವವರು ಆ ಒಂದು ಸಾಲನ್ನು ಹಿಡಿದು ಕುಣಿಯುತ್ತಾರೆ. ಅದೇ ವರದಿಯಲ್ಲಿ, ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡುವುದು, ಬ್ಯಾಂಡೇಜು ಸುತ್ತುವುದು ಇತ್ಯಾದಿ ಕೆಲಸವೆಂದು ನಂಬಿಸಿ, ಮನೆಯ ಸಾಲ ತೀರಿಸಲು ಮುಂಗಡ ಕೊಟ್ಟು ಅವರನ್ನು ಕರೆತಂದರೆಂದೂ ಇದೆ. ಕಾಗದವನ್ನು ಕೊನೆಯ ಸಾಲಿನವರೆಗೆ ಓದುವ ತಾಳ್ಮೆ ಯಾರಿಗಿದೆ ಎಂಬುದೇ ಇಲ್ಲಿ ಪ್ರಶ್ನೆ. ವಾಮ್‌ನವರು ಸಾಕ್ಷ್ಯ, ಕಡತ, ಸೈನಿಕರ ನೆನಪು ಎಲ್ಲವನ್ನೂ ಹೀಗೆ ಓದಿ, ಸೇನೆಯ ‘ಕಂಫರ್ಟ್ ಸ್ಟೇಷನ್’ಗಳಿದ್ದ ಜಾಗಗಳ ನಕ್ಷೆಯೊಂದನ್ನು ತಯಾರಿಸಿದರು, ಆಮೇಲೆ ಅಂತರ್ಜಾಲಕ್ಕೂ ಏರಿಸಿದರು. 1942ರಿಂದ 1945ರವರೆಗೆ ಜಪಾನಿನ ಹಿಡಿತದಲ್ಲಿದ್ದ ನಮ್ಮ ಅಂಡಮಾನ್-ನಿಕೋಬಾರ್ ಕೂಡ ಆ ನಕ್ಷೆಯ ವ್ಯಾಪ್ತಿಯೊಳಗೆ ಬರುತ್ತದೆ. ಅಂಡಮಾನ್ ಎಂದರೆ ಕಾಲಾಪಾನಿ, ಸೆಲ್ಯುಲರ್ ಜೈಲು ಎಂದಷ್ಟೇ ಓದಿ ಬೆಳೆದ ನಾವು ಈ ಪುಟವನ್ನು ತೆರೆದದ್ದು ಕಡಿಮೆ.

ವಾಮ್‌ನ ಕಪಾಟಿನಲ್ಲಿರುವ ಸಂಪತ್ತು ಎಲ್ಲಿಂದ ಬಂತು ಎಂದು ಕೇಳಿದರೆ ಮತ್ತೆ ಸ್ವಯಂಸೇವಕರ ಕಡೆಗೇ ಬರಬೇಕು, ಈ ಬಾರಿ ಇನ್ನೂ ಹಿಂದಿನ ತಲೆಮಾರು. 1991ರಿಂದ ಸಂತ್ರಸ್ತೆಯರು ಜಪಾನಿನ ನ್ಯಾಯಾಲಯಗಳಲ್ಲಿ ಒಟ್ಟು ಹತ್ತು ಮೊಕದ್ದಮೆ ಹೂಡಿದರು. 1998ರಲ್ಲಿ ಶಿಮೊನೊಸೆಕಿಯ ನ್ಯಾಯಾಲಯ ಭಾಗಶಃ ಅವರ ಪರ ತೀರ್ಪು ಕೊಟ್ಟಿತು. ಅದೂ ಮೇಲ್ಮನವಿಯಲ್ಲಿ ಬಿದ್ದಿತು. 2010ರ ಹೊತ್ತಿಗೆ ಹತ್ತಕ್ಕೆ ಹತ್ತೂ ಸೋತಿದ್ದವು. ಪ್ರತಿ ಮೊಕದ್ದಮೆಯ ಹಿಂದೆಯೂ ಒಂದು ಬೆಂಬಲ ಗುಂಪು ಇತ್ತು. ವಿಮಾನದ ಟಿಕೆಟಿಗೆ ಚಂದಾ ಎತ್ತಿದವರು, ಅಜ್ಜಿಯರನ್ನು ಮನೆಯಲ್ಲಿ ಇಳಿಸಿಕೊಂಡವರು, ರಾತ್ರಿ ದುಃಸ್ವಪ್ನಕ್ಕೆ ಬೆಚ್ಚಿದಾಗ ಪಕ್ಕದಲ್ಲಿ ಕೂತವರು, ಕೋರ್ಟಿನಲ್ಲಿ ಹೇಳಿದ್ದನ್ನು ಬರೆದುಕೊಂಡವರು. ಕಾನೂನಿನ ಲೆಕ್ಕದಲ್ಲಿ ಸೊನ್ನೆ ಗಳಿಸಿದ ಈ ಮೊಕದ್ದಮೆಗಳಲ್ಲಿ ಎಷ್ಟೋ ತೀರ್ಪುಗಳು ಪರಿಹಾರ ನಿರಾಕರಿಸುತ್ತಲೇ ನಡೆದ ಸಂಗತಿಯನ್ನು ನಿಜವೆಂದು ದಾಖಲಿಸಿವೆ. ಇಂಥ ಗುಂಪುಗಳ ಮನೆಯ ಅಟ್ಟ, ಬೀರುಗಳಲ್ಲಿದ್ದ ಕಡತ, ಕ್ಯಾಸೆಟ್‌ಗಳನ್ನು ಕಾಪಾಡುವುದೇ ಈಗ ದೊಡ್ಡ ಕೆಲಸ.

ಆ ಬೆಂಬಲ ಎಂಥದು ಎನ್ನುವುದಕ್ಕೆ ಸೊಂಗ್ ಸಿನ್-ದೊ ಅವರ ಪ್ರಸಂಗ ಸಾಕು. ಜಪಾನಿನಲ್ಲೇ ನೆಲೆಸಿದ್ದ ಕೊರಿಯನ್ನರ ಪೈಕಿ ಮೊಕದ್ದಮೆ ಹೂಡಿದವರು ಅವರೊಬ್ಬರೇ. 1993ರಲ್ಲಿ ಶುರುವಾದದ್ದು 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು, ಸೋಲಿನಲ್ಲಿ. ಮೊಕದ್ದಮೆ ಮುಗಿಯಿತೆಂದು ಬೆಂಬಲಿಗರು ಮನೆಗೆ ಹೋಗಲಿಲ್ಲ. 2011ರ ಮಾರ್ಚ್‌ನ ಸುನಾಮಿಯಲ್ಲಿ ಮಿಯಾಗಿ ಕಡಲತೀರದ ಆಕೆಯ ಮನೆ ಕೊಚ್ಚಿಹೋದಾಗ ಹುಡುಕಿ, ಬದುಕಿದ್ದಾರೆಂದು ಪತ್ತೆಮಾಡಿ, ಟೋಕಿಯೊಗೆ ಕರೆತಂದು ನೆಲೆ ಮಾಡಿಕೊಟ್ಟವರು ಅವರೇ. 2017ರ ಡಿಸೆಂಬರ್‌ನಲ್ಲಿ ಸೊಂಗ್ ತೀರಿಕೊಳ್ಳುವವರೆಗೂ ಆ ಸಂಬಂಧ ಉಳಿಯಿತು.

ಬೆದರಿಕೆ ಬರದಿರಲು ಹೇಗೆ ಸಾಧ್ಯ? 2016ರ ಅಕ್ಟೋಬರ್‌ನಲ್ಲಿ ವಾಮ್‌ಗೆ ಒಂದು ಅಂಚೆಕಾರ್ಡು ಬಂತು: ಪ್ರದರ್ಶನ ತೆಗೆಯದಿದ್ದರೆ ಬಾಂಬ್ ಹಾಕುತ್ತೇವೆ ಎಂಬ ಅರ್ಥದ್ದು. ಕಳಿಸಿದವರ ಜಾಗದಲ್ಲಿದ್ದ ಹೆಸರು, 1987ರಲ್ಲಿ ಅಸಾಹಿ ಪತ್ರಿಕೆಯ ಕಚೇರಿಗೆ ನುಗ್ಗಿ ವರದಿಗಾರನೊಬ್ಬನನ್ನು ಗುಂಡಿಟ್ಟು ಕೊಂದವರು ಹೇಳಿಕೊಂಡಿದ್ದ ಹೆಸರನ್ನೇ ಹೋಲುತ್ತಿತ್ತು. ಟಿಕೆಟ್ ಮೇಜಿನಲ್ಲಿ ಕೂರುವವರು ತಿಂಗಳಿಗೆ ಒಂದೆರಡು ದಿನ ಬರುವ ಸಾಮಾನ್ಯ ಜನ ಎಂಬುದನ್ನು ಇಲ್ಲಿ ನೆನಪಿಡಬೇಕು. ವಾಮ್ ಬೆದರಿಕೆಯನ್ನು ಮುಚ್ಚಿಡದೆ ಬಹಿರಂಗ ಮಾಡಿತು, ಇಂಥದ್ದಕ್ಕೆ ಬಗ್ಗುವುದಿಲ್ಲ ಎಂದಿತು, ಬಾಗಿಲು ತೆರೆದೇ ಇಟ್ಟಿತು. ಅದೇ ವರ್ಷ ಎಂಟು ದೇಶ-ಪ್ರದೇಶಗಳ ಸಂಘಟನೆಗಳು ಕೂಡಿ ಸಂತ್ರಸ್ತೆಯರ 2,744 ದಾಖಲೆಗಳನ್ನು ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸಲ್ಲಿಸಿದ್ದವು. ಜಪಾನಿನ ಕಡೆಯಿಂದ ಆ ಕೆಲಸದಲ್ಲಿ ವಾಮ್ ಇತ್ತು. 2017ರ ಅಕ್ಟೋಬರ್‌ನಲ್ಲಿ ಯುನೆಸ್ಕೊ ಅದನ್ನು ಮುಂದೂಡಿತು.

ಇಂಥ ಮ್ಯೂಸಿಯಂಗಳು ಬೇರೆಡೆಯೂ ಇವೆ, ಅವುಗಳ ಪಾಡನ್ನೂ ಒಮ್ಮೆ ನೋಡಬೇಕು. ಸೋಲ್‌ನಲ್ಲಿ ಮೊದಲು ಗೊತ್ತುಮಾಡಿದ್ದ ಸ್ವಾತಂತ್ರ್ಯ ಉದ್ಯಾನದ ಜಾಗಕ್ಕೆ ಸ್ವಾತಂತ್ರ್ಯ ಹೋರಾಟಗಾರರ ಸಂಘಗಳೇ ಅಡ್ಡ ಬಂದವು. ಕೊನೆಗೆ ಮಾಪೊ ಪ್ರದೇಶದ ಒಂದು ಹಳೆಯ ಮನೆಯನ್ನು ದೇಣಿಗೆಯಲ್ಲಿ ಕೊಂಡು, ಕಪ್ಪು ಇಟ್ಟಿಗೆಯ ಹೊದಿಕೆ ಹಾಕಿ 2012ರ ಮೇ 5ರಂದು ತೆರೆದರು. ತೆಗು ನಗರದಲ್ಲಿ ಅಜ್ಜಿಯರು ಒಣಹೂ ಒತ್ತಿ ಮಾಡಿದ ಚಿತ್ರಗಳನ್ನು ಚೀಲ, ಪುಸ್ತಕಗಳ ಮೇಲೆ ಅಚ್ಚುಹಾಕಿ ಮಾರಿದ ಹಣವೂ ಸೇರಿ 2015ರ ಡಿಸೆಂಬರ್‌ನಲ್ಲಿ ‘ಹೀಉಮ್’ ಎಂಬ ಮ್ಯೂಸಿಯಂ ಆಯಿತು. ತೈಪೆಯ ‘ಅಮಾ’ ಮ್ಯೂಸಿಯಂ 2016ರಲ್ಲಿ ತೆರೆದು, ಖರ್ಚು ತೂಗಿಸಲಾಗದೆ 2020ರ ನವೆಂಬರ್‌ನಲ್ಲಿ ಮುಚ್ಚಿ, ಮರುವರ್ಷ ಬೇರೆ ಜಾಗದಲ್ಲಿ ಮತ್ತೆ ಶುರುವಾಯಿತು. ಅದೇ 2020ರಲ್ಲಿ ಕೊರಿಯಾದ ಸಂತ್ರಸ್ತೆ ಲೀ ಯೊಂಗ್-ಸೂ, ದೇಣಿಗೆಯ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಅಲ್ಲಿನ ಮುಖ್ಯ ಸಂಘಟನೆಯನ್ನೇ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನಿಸಿದರು. ವಿಷಯ ನ್ಯಾಯಾಲಯಕ್ಕೂ ಹೋಯಿತು. ನಿರಾಕರಿಸುವವರಿಗೆ ಅದು ಹಬ್ಬವಾಯಿತು ನಿಜ. ಹಾಗೆಂದು ಅಜ್ಜಿಯ ಪ್ರಶ್ನೆ ತಪ್ಪಲ್ಲ. ಜನರ ದುಡ್ಡಿನಲ್ಲಿ ನಡೆಯುವ ಸಂಸ್ಥೆ ಪೈಪೈಗೂ ಲೆಕ್ಕ ಕೊಡಬೇಕು, ಉದ್ದೇಶ ಎಷ್ಟೇ ದೊಡ್ಡದಿರಲಿ.

ವಾಮ್‌ನ ಬಡತನವನ್ನು ಆದರ್ಶವೆಂದು ಹೊಗಳುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಸರ್ಕಾರದ ದುಡ್ಡು ತೆಗೆದುಕೊಂಡಿದ್ದರೆ ಚಕ್ರವರ್ತಿಯ ಹೊಣೆಯ ಮಾತು ಗೋಡೆಯ ಮೇಲೆ ಒಂದು ವರ್ಷವೂ ಉಳಿಯುತ್ತಿರಲಿಲ್ಲ ಎಂಬುದು ಸತ್ಯ. ಆದರೆ ಒಂದು ದೇಶ ತಾನು ಮಾಡಿದ ಅಪರಾಧದ ದಾಖಲೆಯನ್ನು ಜೋಪಾನ ಮಾಡುವ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಬರುವ ನಾಗರಿಕರ ತಲೆಗೆ ಕಟ್ಟಿರುವುದು ಆ ದೇಶಕ್ಕೆ ಗೌರವ ತರುವ ಸಂಗತಿಯಲ್ಲ. ಕೊರಿಯಾ ಸರ್ಕಾರದಲ್ಲಿ ನೋಂದಾಯಿಸಿದ್ದ 240 ಮಂದಿಯಲ್ಲಿ ಬದುಕಿರುವವರು ಹತ್ತಕ್ಕಿಂತ ಕಡಿಮೆ. ತೈವಾನಿನಲ್ಲಿ ಬಹಿರಂಗವಾಗಿ ಗುರುತಿಸಿಕೊಂಡವರ ಪೈಕಿ ಕೊನೆಯವರು 2023ರಲ್ಲಿ ಹೋದರು. ಅಜ್ಜಿಯರ ಎದುರು ಕೂತು ಕೇಳಿಸಿಕೊಂಡ ಸ್ವಯಂಸೇವಕರಿಗೂ ವಯಸ್ಸಾಗುತ್ತಿದೆ. ಇನ್ನು ಬರುವವರು ಕೇಳಿದವರಿಂದ ಕೇಳಿದವರು.

ಕೊನೆಗೆ ಟೋಕಿಯೊದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಐಟಿ ಕೆಲಸಕ್ಕೆ ಹೋದ ನಮ್ಮವರಲ್ಲಿ ಅನೇಕರು ನಿಶಿ-ಕಸಾಯಿ ಸುತ್ತಮುತ್ತ ಇದ್ದೀರಿ. ಅಲ್ಲಿಂದ ತೋಜಾಯ್ ಮಾರ್ಗದ ರೈಲು ಹತ್ತಿದರೆ ಎಲ್ಲೂ ಬದಲಿಸದೆ ವಾಸೆದಾ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ವಾಮ್ ಶುಕ್ರವಾರದಿಂದ ಸೋಮವಾರದವರೆಗೆ ಮಧ್ಯಾಹ್ನ 1ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ, ದೊಡ್ಡವರಿಗೆ ಟಿಕೆಟ್ 500 ಯೆನ್. ಪ್ರದರ್ಶನ ಬದಲಿಸುವ ದಿನಗಳಲ್ಲಿ ಮುಚ್ಚಿರುತ್ತದೆ, ವಿಚಾರಿಸಿಕೊಂಡು ಹೋಗಿ. ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಕರೆದುಕೊಂಡೇ ಹೋಗಿ.